ಇರುಳಿಗ ವಿದ್ಯಾರ್ಥಿಗಳೂ ಮನೋವ್ಯಥೆಯ ಶುಶ್ರೂಷೆಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕಾಡಂಚಿನ ಇರುಳಿಗರ ಕಾಲೋನಿಗಳಿಗೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ನಡುವೆ ಬಸ್ಸಿನ ಕೆಲವೇ ಗಂಟೆಗಳ ದಾರಿ. ಆದರೂ ಆ ಜನರಲ್ಲೊಬ್ಬನು ಊಟ ನಿದ್ರೆಗಳನ್ನು ತೊರೆದು ಮೂಲೆ ಹಿಡಿದರೆ, ಇದು ಚಿಕಿತ್ಸೆಯಿಂದ ವಾಸಿಯಾಗತಕ್ಕ ವ್ಯಾಧಿಯೆಂದು ತಿಳಿಹೇಳಿ ಅವನನ್ನು ಕರೆತರುವವರು ಯಾರು? ಅವರಲ್ಲಿಯೇ ಕಾಲೇಜು ಮೆಟ್ಟಿಲೇರಿರುವ ತರುಣ ತರುಣಿಯರಿಗೆ ಈ ಶಿಕ್ಷಣವನ್ನು ಕೊಡಬೇಕೆಂಬುದು ನಮ್ಮ ಸೂಚನೆ.

ಇದು ಹೊಸ ಸಾಹಸವೇನೂ ಅಲ್ಲ. ನಿಮ್ಹಾನ್ಸಿನವರು 1970ರ ದಶಕದಲ್ಲಿಯೇ ಆನೇಕಲ್ಲಿನ ಕಡೆಯ ಸಕಲವಾರದಲ್ಲಿಯೂ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿಯೂ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗವನ್ನು ಗುರುತಿಸುವ ಕ್ರಮವನ್ನು ಕಲಿಸಿದರು. ಬಳ್ಳಾರಿಯ ಮಾದರಿಯೇ 1996ರಲ್ಲಿ ಭಾರತ ಸರ್ಕಾರದ ಜಿಲ್ಲಾ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ವಿದ್ಯಾರ್ಥಿಯು ರೋಗಕ್ಕೆ ಹೆಸರಿಡಬೇಕಾಗಿಲ್ಲ, ಔಷಧವನ್ನಂತೂ ಕೊಡಕೂಡದು. ನಿದ್ರೆ, ಆಹಾರ, ಕೂಲಿ, ಕುಡಿತಗಳನ್ನು ವಿಚಾರಿಸಬೇಕು. ಸಾಯುವ ಯೋಚನೆಯಿದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ನಿರಾಧಾರವಾದುದು. ಇದೆಯೆಂದರೆ, ಕ್ರಿಮಿನಾಶಕದ ಡಬ್ಬಿ ಕೈಗೆಟುಕದಂತೆ ಮಾಡಿ, ಅವನನ್ನು ಒಂಟಿಯಾಗಿ ಬಿಡದೆ, ತಾಲ್ಲೂಕು ಆಸ್ಪತ್ರೆಗೆ ತಾನೇ ಜೊತೆಗೆ ಹೋಗಬೇಕು. ಅಪರಾತ್ರಿಯಲ್ಲಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಬಹುದು. ಪೋಲೀಸರ ಅಂಜಿಕೆಯಿಂದ ಬಾಯಿ ಬಿಡದ ಕುಟುಂಬಕ್ಕೆ, 2017ರ ಕಾಯಿದೆಯು ಇಂಥವರನ್ನು ದಂಡನೆಗಲ್ಲ, ಶುಶ್ರೂಷೆಗೆ ಅರ್ಹರೆಂದು ಭಾವಿಸುತ್ತದೆಯೆಂದು ತಿಳಿಸಬೇಕು.

ಕಾಡನ್ನೂ ಕೂಲಿಯನ್ನೂ ಕಳೆದುಕೊಂಡವನ ದುಃಖವೆಲ್ಲವನ್ನೂ ರೋಗವೆಂದು ಬರೆದುಕೊಳ್ಳುವ ಪರಿಪಾಟಿಯನ್ನು ನಾವು ಒಪ್ಪಲಾರೆವು. ಆ ಭೇದವನ್ನು ಇರುಳಿಗರ ಮಕ್ಕಳು ಬೇಗ ಅರಿಯಬಲ್ಲರು. ಆದರೆ ಅವರಿಂದ ಈ ಕೆಲಸವನ್ನು ಸೇವೆಯೆಂಬ ಹೆಸರಿನಲ್ಲಿ ಬಿಟ್ಟಿಯಾಗಿ ಮಾಡಿಸತಕ್ಕದ್ದಲ್ಲ. ಕಲಿಯುವಾಗ ವಿದ್ಯಾರ್ಥಿವೇತನವೂ, ಕಲಿತ ಮೇಲೆ ಆಸ್ಪತ್ರೆಯಲ್ಲಿ ಸಂಬಳದ ಹುದ್ದೆಯೂ ದೊರೆಯುವಂತೆ ಸರ್ಕಾರದವರು ಮುಂದಿನ ಬಜೆಟ್ಟಿನಲ್ಲಿಯೇ ಹಣವನ್ನು ತೆಗೆದಿರಿಸಬೇಕು.