ಎಂಪಿ3 ಹಾಡನ್ನು ಫ್ಲ್ಯಾಕ್ ಮಾಡಿದರೆ ಗುಣಮಟ್ಟ ಹೆಚ್ಚುತ್ತದೆಯೇ?

ಮೊಬೈಲ್‌ನಲ್ಲಿರುವ ಹಳೆಯ ಎಂಪಿ3 ಹಾಡುಗಳನ್ನು ಒಂದು ಉಚಿತ ಆ್ಯಪ್‌ಗೆ ಕೊಟ್ಟು ‘ಫ್ಲ್ಯಾಕ್’ ರೂಪಕ್ಕೆ ಬದಲಾಯಿಸಿಕೊಂಡರೆ ಸ್ಟುಡಿಯೊದಲ್ಲೇ ಕೂತು ಕೇಳಿದ ಹಾಗಿರುತ್ತದೆ ಎಂಬ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತದೆ. ಯೂಟ್ಯೂಬ್ ಲಿಂಕ್ ಕೊಟ್ಟರೆ ಫ್ಲ್ಯಾಕ್ ಮಾಡಿಕೊಡುತ್ತೇವೆ ಎನ್ನುವ ಜಾಲತಾಣಗಳೂ ಇವೆ. ಮಾಡಿ ನೋಡಿದವರಿಗೆ ಫೈಲ್ ಐದಾರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇಷ್ಟು ದೊಡ್ಡದಾಯಿತು ಎಂದ ಮೇಲೆ ಚೆನ್ನಾಗಿಯೇ ಆಗಿರಬೇಕು ಅನ್ನಿಸುವುದೂ ಸಹಜ.

ಆಗಿರುವುದಿಲ್ಲ. ಹಾಡು ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ, ಜಾಗ ಮಾತ್ರ ಹೆಚ್ಚು ತಿನ್ನುತ್ತದೆ. ಇದರಿಂದ ಮೊಬೈಲ್‌ನ ಜಾಗವಷ್ಟೇ ಹಾಳಾಗುವಂತಿದ್ದರೆ ಒಂದು ಲೇಖನ ಬರೆಯುವ ಅಗತ್ಯವಿರಲಿಲ್ಲ. ಆದರೆ ‘ಎಲ್ಲ ಕಂಪ್ಯೂಟರ್‌ನಲ್ಲಿ ಫ್ಲ್ಯಾಕ್ ಆಗಿ ಇದೆಯಲ್ಲ’ ಎಂಬ ಧೈರ್ಯದ ಮೇಲೆ ಮನೆಯ ಸಿಡಿ, ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕುವವರಿದ್ದಾರೆ. ಅಂಗಡಿಯಲ್ಲಿ ಮತ್ತೆ ಸಿಗುವ ಸಿನಿಮಾ ಹಾಡಾದರೆ ಸರಿ. ಎಂದೋ ಮಾರಾಟ ನಿಂತುಹೋದ ತಾಳಮದ್ದಳೆಯ ಕ್ಯಾಸೆಟ್ಟೋ ಅಜ್ಜಿ ಹೇಳಿದ ಸೋಬಾನೆ ಪದವೋ ಆಗಿದ್ದರೆ, ಹೋದದ್ದು ಹೋದಂತೆಯೇ.

ಹಾಗಾದರೆ ಫ್ಲ್ಯಾಕ್ ಅಂದರೆ ಏನು? ಕಂಪ್ಯೂಟರ್ ಇಟ್ಟುಕೊಂಡು ಮನೆಯಲ್ಲೇ ಚೆನ್ನಾಗಿ ಸಂಗೀತ ಕೇಳುವ ವ್ಯವಸ್ಥೆ ಮಾಡಿಕೊಳ್ಳುವುದು ಹೇಗೆ?

ಎಂಪಿ3 ಏನನ್ನು ಬಿಸಾಡುತ್ತದೆ?

ಆಡಿಯೊ ಸಿಡಿಯಲ್ಲಿ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸಿ ಬರೆದಿರುತ್ತಾರೆ. ಎಡಕ್ಕೆ ಒಂದು, ಬಲಕ್ಕೆ ಒಂದು. ಹೀಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 1,411 ಕಿಲೋಬಿಟ್. ಐದು ನಿಮಿಷದ ಹಾಡಿಗೆ ಸುಮಾರು 53 ಎಂಬಿ.

ಇಂಟರ್‌ನೆಟ್ ಆಮೆಯಂತೆ ತೆವಳುತ್ತಿದ್ದ 1990ರ ದಶಕದಲ್ಲಿ 53 ಎಂಬಿ ಇಳಿಸಿಕೊಳ್ಳುವುದೆಂದರೆ ಇಡೀ ದಿನದ ಕೆಲಸ. ಎಂಪಿ3 ಗೆದ್ದದ್ದು ಅಲ್ಲಿ. ಅದರ ಹಿಂದಿರುವುದು ನಮ್ಮ ಕಿವಿಯ ಒಂದು ಮಿತಿ. ಚೆಂಡೆ ಬಾರಿಸುತ್ತಿರುವಾಗ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲ. ಜೋರಿನ ಸದ್ದು ತನ್ನ ಆಸುಪಾಸಿನ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಹೇಗೂ ಕೇಳಿಸದ್ದನ್ನು ಬರೆದಿಡುವುದೇಕೆ ಎಂದು ಎಂಪಿ3 ಅಂಥ ಭಾಗಗಳನ್ನು ಬಿಟ್ಟುಬಿಡುತ್ತದೆ ಅಥವಾ ಒರಟಾಗಿ ಬರೆಯುತ್ತದೆ. 128 ಕಿಲೋಬಿಟ್‌ನ ಎಂಪಿ3ಯಲ್ಲಿ ಅದೇ ಹಾಡು 5 ಎಂಬಿಯ ಒಳಗೆ ಕೂರುತ್ತದೆ. ಅಂದರೆ ಹನ್ನೊಂದರಲ್ಲಿ ಒಂದು ಪಾಲು.

ಎಂಪಿ3ಯನ್ನು ಇಷ್ಟಕ್ಕೇ ಕೀಳಾಗಿ ಕಾಣಬೇಕಿಲ್ಲ. 256 ಅಥವಾ 320 ಕಿಲೋಬಿಟ್‌ನಲ್ಲಿ ಚೆನ್ನಾಗಿ ತಯಾರಿಸಿದ್ದಾದರೆ ಹೆಚ್ಚಿನ ಜನರಿಗೆ, ಹೆಚ್ಚಿನ ಹಾಡುಗಳಲ್ಲಿ, ಸಿಡಿಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕಡಿಮೆ ಬಿಟ್‌ರೇಟ್‌ನಲ್ಲಿ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಸಭೆಯ ಚಪ್ಪಾಳೆ ಮಳೆ ಸುರಿದ ಹಾಗೆ ಕಲಸಿಹೋಗುತ್ತದೆ. ತಾಳದ ‘ಟಣ್’ ಎಂಬ ಪೆಟ್ಟು ಮೊಂಡಾಗುತ್ತದೆ. ಇಂಥ ಫೈಲ್ ಒಂದನ್ನು ತಿದ್ದಿ ಮತ್ತೆ ಎಂಪಿ3 ಆಗಿ ಉಳಿಸಿದರೆ, ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ.

ಫ್ಲ್ಯಾಕ್ ಮಾಡುವುದೇನು?

2001ರಲ್ಲಿ ಬಂದ ಫ್ಲ್ಯಾಕ್ ಏನನ್ನೂ ಬಿಸಾಡುವುದಿಲ್ಲ. ನೀವು ಆಫೀಸಿನ ಫೈಲ್‌ಗಳನ್ನು ಜಿಪ್ ಮಾಡಿ ಕಳಿಸುತ್ತೀರಲ್ಲ, ಬಿಚ್ಚಿದಾಗ ಒಂದಕ್ಷರವೂ ಹೋಗಿರುವುದಿಲ್ಲ. ಇದೂ ಹಾಗೆಯೇ, ಧ್ವನಿಗೆಂದೇ ಮಾಡಿದ ಜಿಪ್. ಧ್ವನಿಯ ಅಂಕಿಗಳು ಒಂದರ ಹಿಂದೊಂದು ಹತ್ತಿರ ಹತ್ತಿರ ಇರುತ್ತವೆ. 100, 104, 108, 112 ಎಂದು ಬಂದಿದ್ದರೆ ಮುಂದಿನದು 116 ಇರಬಹುದು ಎಂದು ಫ್ಲ್ಯಾಕ್ ಊಹಿಸುತ್ತದೆ. ನಿಜವಾಗಿ ಇದ್ದದ್ದು 117 ಆದರೆ ‘ಒಂದು ಹೆಚ್ಚು’ ಎಂದಷ್ಟೇ ಬರೆದುಕೊಳ್ಳುತ್ತದೆ. ದೊಡ್ಡ ಅಂಕಿಗಿಂತ ಈ ಸಣ್ಣ ತಪ್ಪು ಬರೆಯಲು ಜಾಗ ಕಡಿಮೆ ಸಾಕು. ಹೀಗೆ ಫೈಲ್ ಸಾಮಾನ್ಯವಾಗಿ ಮೂಲದ ಅರ್ಧದಿಂದ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಕೇಳುವಾಗ ಅದೇ ಊಹೆಯನ್ನು ಮತ್ತೆ ಮಾಡಿ, ತಪ್ಪನ್ನು ಕೂಡಿಸಿ, ಸಿಡಿಯಲ್ಲಿದ್ದ ಅಂಕಿಗಳನ್ನೇ ವಾಪಸ್ ಕೊಡುತ್ತದೆ. ಆ್ಯಪಲ್‌ನವರ ಎಎಲ್‌ಎಸಿ ಕೂಡ ಇದೇ ಜಾತಿಯದು.

ಈಗ ಫಾರ್ವರ್ಡ್‌ನ ಮಾತಿಗೆ ಬನ್ನಿ. ಫ್ಲ್ಯಾಕ್ ತನಗೆ ಕೊಟ್ಟದ್ದನ್ನು ಹಾಗೇ ಕಾಪಾಡುತ್ತದೆ. ಎಂಪಿ3 ಕೊಟ್ಟರೆ ಎಂಪಿ3ಯ ಅರೆಕೊರೆಗಳನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಹತ್ತು ಗುಂಪು ದಾಟಿ ಬಂದ ಮಸುಕು ಫೋಟೊಗೆ ದೊಡ್ಡ ತೇಗದ ಫ್ರೇಮ್ ಹಾಕಿಸಿದಂತೆ. ಯೂಟ್ಯೂಬ್‌ನಿಂದ ಬರುವ ಧ್ವನಿಯೂ ಮೊದಲೇ ಹಿಂಡಿದ್ದು. ಅದನ್ನು ಫ್ಲ್ಯಾಕ್ ಮಾಡಿಕೊಡುವ ಜಾಲತಾಣ ನಿಮಗೆ ಕೊಡುತ್ತಿರುವುದು ಫ್ರೇಮ್ ಮಾತ್ರ.

ಕೈಗೆ ಬಂದ ಫ್ಲ್ಯಾಕ್ ಅಸಲಿಯೋ ನಕಲಿಯೋ ಎಂದು ನೋಡಲು ‘ಸ್ಪೆಕ್’ ಎಂಬ ಉಚಿತ ತಂತ್ರಾಂಶವಿದೆ. ಹಾಡಿನಲ್ಲಿ ಯಾವ ಕಂಪನಾಂಕದ ಸದ್ದು ಎಷ್ಟಿದೆ ಎಂಬುದನ್ನು ಅದು ಬಣ್ಣದ ಚಿತ್ರವಾಗಿ ತೋರಿಸುತ್ತದೆ. 128 ಕಿಲೋಬಿಟ್‌ನ ಎಂಪಿ3ಯಿಂದ ಬಂದದ್ದಾದರೆ ಸಾಮಾನ್ಯವಾಗಿ 16,000 ಹರ್ಟ್ಸ್ ಆಸುಪಾಸಿನಲ್ಲಿ ಚಾಕುವಿನಿಂದ ಕತ್ತರಿಸಿದ ಹಾಗೆ ಚಿತ್ರ ನಿಂತುಬಿಡುತ್ತದೆ. ಹಾಗೆಂದು ಮೇಲ್ಭಾಗ ಖಾಲಿ ಕಂಡದ್ದೆಲ್ಲ ನಕಲಿಯೂ ಅಲ್ಲ: ಹಳೆಯ ಧ್ವನಿಮುದ್ರಣಗಳಲ್ಲಿ ಅಷ್ಟು ಮೇಲಿನ ಸದ್ದು ಮೊದಲಿನಿಂದಲೇ ಇರುವುದಿಲ್ಲ. ಅಲ್ಲಿ ಬಣ್ಣ ಮೆಲ್ಲಗೆ ಮಾಸುತ್ತಾ ಹೋಗುತ್ತದೆ, ನೇರ ಗೆರೆ ಕಾಣುವುದಿಲ್ಲ.

ಸಿಡಿಯಿಂದ ಕಂಪ್ಯೂಟರ್‌ಗೆ

ಅಸಲಿ ಫ್ಲ್ಯಾಕ್‌ಗೆ ಎಲ್ಲರ ಕೈಗೆಟುಕುವ ದಾರಿ ನಿಮ್ಮ ಮನೆಯ ಸಿಡಿಗಳೇ. ಹೊಸ ಕಂಪ್ಯೂಟರ್ ಬೇಡ. ಮೂಲೆಯಲ್ಲಿ ಕೂತಿರುವ ಹಳೆಯ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಸಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಸಿಗುತ್ತದೆ.

ಗೀರು ಬಿದ್ದ ಸಿಡಿಯನ್ನು ಸಾಮಾನ್ಯ ಪ್ಲೇಯರ್ ಓದುವಾಗ, ಸರಿಪಡಿಸಲಾಗದ ಜಾಗದಲ್ಲಿ ಅಕ್ಕಪಕ್ಕದ ಅಂಕಿ ನೋಡಿ ಅಂದಾಜಿನಲ್ಲಿ ತುಂಬಿಸಿಬಿಡುತ್ತದೆ. ಆ ಹೊತ್ತಿಗೆ ಕೇಳಲು ಅದು ಸಾಕು. ಶಾಶ್ವತವಾಗಿ ಇಟ್ಟುಕೊಳ್ಳಲು ಸಾಲದು. ವಿಂಡೋಸ್‌ನಲ್ಲಿ ‘ಎಕ್ಸಾಕ್ಟ್ ಆಡಿಯೊ ಕಾಪಿ’, ಮ್ಯಾಕ್‌ನಲ್ಲಿ ‘ಎಕ್ಸ್‌ಎಲ್‌ಡಿ’ ಎಂಬ ತಂತ್ರಾಂಶಗಳು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದುತ್ತವೆ. ಅಷ್ಟೇ ಅಲ್ಲ, ಅದೇ ಸಿಡಿಯನ್ನು ಬೇರೆಯವರು ಓದಿದಾಗ ಬಂದ ಲೆಕ್ಕದ ಜೊತೆ ‘ಆ್ಯಕ್ಯುರೇಟ್‌ರಿಪ್’ ಎಂಬ ಸಂಗ್ರಹದಲ್ಲಿ ತಾಳೆ ನೋಡಿ, ಸರಿ ಬಂದಿದೆಯೋ ಇಲ್ಲವೋ ಹೇಳುತ್ತವೆ. ಅಪರೂಪದ ಕನ್ನಡ ಸಿಡಿ ಆ ಸಂಗ್ರಹದಲ್ಲಿ ಇಲ್ಲದೆಯೂ ಇರಬಹುದು. ಆಗ ಎರಡು ಸಲ ಓದಿಸಿ ಎರಡೂ ಒಂದೇ ಬಂತೇ ಎಂದು ನೋಡಿಕೊಳ್ಳಿ.

ಫ್ಲ್ಯಾಕ್ ಆಯ್ಕೆ ಮಾಡಿದಾಗ 0ಯಿಂದ 8ರವರೆಗೆ ಮಟ್ಟ ಕೇಳುತ್ತದೆ. 8 ಅಂದರೆ ಹೆಚ್ಚು ಗುಣಮಟ್ಟ ಎಂದು ತಿಳಿಯುವವರು ಬಹಳ. ಒಂಬತ್ತರಲ್ಲೂ ಧ್ವನಿ ಒಂದೇ; 8ರಲ್ಲಿ ಫೈಲ್ ಸ್ವಲ್ಪ ಚಿಕ್ಕದಾಗುತ್ತದೆ, ತಯಾರಾಗಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ. ಹಾಡಿನ ಹೆಸರು, ಗಾಯಕರು, ಕವಿ ಎಲ್ಲವನ್ನೂ ಕನ್ನಡದಲ್ಲೇ ತುಂಬಿಸಬಹುದು. ಈ ಕೆಲಸವನ್ನು ಆಗಿಂದಾಗಲೇ ಮಾಡಿ ಮುಗಿಸಿ, ಇಲ್ಲದಿದ್ದರೆ ‘ಟ್ರ್ಯಾಕ್ 01’ಗಳ ರಾಶಿಯಲ್ಲಿ ಮುಳುಗುತ್ತೀರಿ. ನೂರು ಸಿಡಿಗಳಾದರೂ ಒಂದು 64 ಜಿಬಿ ಪೆನ್‌ಡ್ರೈವ್‌ನಲ್ಲಿ ಸಾಮಾನ್ಯವಾಗಿ ಹಿಡಿಸುತ್ತವೆ.

ಒಂದು ವಿಷಯಕ್ಕೆ ಅವಸರ ಮಾಡಿ. ಅಂಗಡಿಯಲ್ಲಿ ಕೊಂಡ ಸಿಡಿಗಿಂತ, ಮದುವೆ, ಉಪನಯನ, ಊರಿನ ಕಾರ್ಯಕ್ರಮಗಳದ್ದೆಂದು ಬರೆಸಿಕೊಟ್ಟ ಸಿಡಿಗಳು ಬೇಗ ಕೆಡುತ್ತವೆ. ಅವುಗಳಲ್ಲಿ ಮಾಹಿತಿ ಕೂತಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಶೆಕೆಗೆ ಆ ಬಣ್ಣ ಮಾಸುತ್ತದೆ. ಮೊದಲು ಅವನ್ನು ಇಳಿಸಿಕೊಳ್ಳಿ.

ಕ್ಯಾಸೆಟ್ ಆದರೆ ಟೇಪ್‌ರೆಕಾರ್ಡರಿನ ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಎಳೆಯಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಲೈನ್ ಇನ್ ಇರುವುದಿಲ್ಲ, ಮೈಕ್‌ನ ತೂತು ಇದಕ್ಕೆ ಹೇಳಿಸಿದ್ದಲ್ಲ. ಲೈನ್ ಇನ್ ಇರುವ ಒಂದು ಸಣ್ಣ ಯುಎಸ್‌ಬಿ ಸೌಂಡ್‌ಕಾರ್ಡ್ ಕೊಳ್ಳಿ. ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳುವಾಗ ಸದ್ದಿನ ಮಟ್ಟ ಕೆಂಪಿಗೆ ತಾಗದಿರಲಿ. ಮುದ್ರಿಸುವಾಗ 24 ಬಿಟ್ ಇಟ್ಟುಕೊಂಡರೆ ಮಟ್ಟವನ್ನು ತುಸು ತಗ್ಗಿಸಿದರೂ ನಷ್ಟವಿಲ್ಲ. ‘ಸ್ಸ್’ ಎಂಬ ಟೇಪಿನ ಸದ್ದನ್ನು ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ತೆಗೆಯಿರಿ, ಆದರೆ ಒಂದು ಪ್ರತಿಯಲ್ಲಿ ಮಾತ್ರ. ಬಂದ ಹಾಗೆಯೇ ಬಂದ ಫ್ಲ್ಯಾಕ್ ಒಂದು ಮುಟ್ಟದೆ ಇರಲಿ. ಇಂದಿನ ತಂತ್ರಾಂಶ ಸದ್ದಿನ ಜೊತೆ ದನಿಯನ್ನೂ ಕೆರೆದು ಹಾಕಿದ್ದರೆ, ಮುಂದೆ ಇದಕ್ಕಿಂತ ಒಳ್ಳೆಯದು ಬಂದಾಗ ಮೂಲ ಬೇಕಾಗುತ್ತದೆ.

ಕೇಳಲು ಏನೇನು ಬೇಕು?

ವಿಎಲ್‌ಸಿ, ಫೂಬಾರ್2000 ಎರಡೂ ಉಚಿತ, ಎರಡೂ ಫ್ಲ್ಯಾಕ್ ನುಡಿಸುತ್ತವೆ. ವಿಂಡೋಸ್ ಸಾಮಾನ್ಯವಾಗಿ ಎಲ್ಲ ಆ್ಯಪ್‌ಗಳ ಸದ್ದನ್ನೂ ಬೆರೆಸಿ ಒಂದೇ ದರಕ್ಕೆ ಬದಲಾಯಿಸಿ ಹೊರಗೆ ಬಿಡುತ್ತದೆ. ಅಂಕಿಗಳು ಹಾಗ್ಹಾಗೇ ಹೋಗಬೇಕೆನ್ನುವವರು ಫೂಬಾರ್‌ನಲ್ಲಿ ‘ವಸಾಪಿ ಎಕ್ಸ್‌ಕ್ಲೂಸಿವ್’ ಆಯ್ಕೆ ಮಾಡಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಇದರಿಂದ ಆಗುವ ದೊಡ್ಡ ಉಪಕಾರ, ಹಾಡಿನ ಮಧ್ಯೆ ಮೆಸೇಜ್ ಬಂದ ‘ಟಿಂಗ್’ ಕೇಳಿಸದಿರುವುದು.

ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿ ಬದಲಾಯಿಸುವ ಚಿಪ್‌ಗೆ ಡ್ಯಾಕ್ ಎನ್ನುತ್ತಾರೆ. ಹಾಡು ಕೇಳಿಸುವ ಪ್ರತಿ ಮೊಬೈಲ್, ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಅದು ಇದ್ದೇ ಇದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಹಾಡು ನಿಂತಾಗಲೂ ಗುಂಯ್‌ಗುಟ್ಟುವ ಸದ್ದು ಬರುತ್ತಿದ್ದರೆ ಪ್ರತ್ಯೇಕ ಡ್ಯಾಕ್ ಕೊಳ್ಳುವುದಕ್ಕೆ ಅರ್ಥವಿದೆ. ಇಲ್ಲವಾದರೆ ಆ ಹಣ ಸ್ಪೀಕರ್‌ಗೆ ಹೋಗಲಿ. ಸ್ಪೀಕರ್ ಮತ್ತು ಅದನ್ನಿಟ್ಟ ಕೋಣೆ ಮಾಡುವಷ್ಟು ವ್ಯತ್ಯಾಸವನ್ನು ಬೇರೆ ಯಾವುದೂ ಮಾಡುವುದಿಲ್ಲ. ಬರೀ ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಒಂದು ದಪ್ಪ ಪರದೆ, ಒಂದು ಜಮಖಾನ ಹಾಕಿ ನೋಡಿ.

ಸಾವಿರಾರು ರೂಪಾಯಿಯ ಯುಎಸ್‌ಬಿ ಕೇಬಲ್‌ನಿಂದ ಧ್ವನಿ ‘ಮಧುರ’ವಾಗುತ್ತದೆ ಎಂಬುದನ್ನು ನಂಬಬೇಡಿ. ಆ ಕೇಬಲ್‌ನಲ್ಲಿ ಹರಿಯುವುದು ಅಂಕಿ. ಕೇಬಲ್ ಕೆಟ್ಟಿದ್ದರೆ ಹಾಡು ಪಟಪಟ ಎನ್ನುತ್ತದೆ, ಇಲ್ಲವೇ ನಿಂತುಹೋಗುತ್ತದೆ. ಹಾಡುವವರ ಕಂಠ ಮಾತ್ರ ಒರಟಾಗುವಂಥ ದೋಷ ಅಲ್ಲಿ ಬರುವುದಿಲ್ಲ.

ಬ್ಲೂಟೂತ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಹುತೇಕ ಬ್ಲೂಟೂತ್ ಸ್ಪೀಕರ್, ಇಯರ್‌ಬಡ್‌ಗಳು ಬಳಸುವ ಎಸ್‌ಬಿಸಿ, ಎಎಸಿ ಎರಡೂ ಎಂಪಿ3ಯಂತೆ ಬಿಸಾಡುವ ಜಾತಿಯವು. ಹೆಸರುವಾಸಿಯಾದ ಎಲ್‌ಡಿಎಸಿ ಕೂಡ ಹೆಚ್ಚೆಂದರೆ ಸೆಕೆಂಡಿಗೆ 990 ಕಿಲೋಬಿಟ್, ಅದೂ ಒಂದಷ್ಟನ್ನು ಬಿಟ್ಟೇ ಸಾಗಿಸುತ್ತದೆ. ಅಂದರೆ ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಫ್ಲ್ಯಾಕ್ ಕೊನೆಯ ಹತ್ತು ಅಡಿಯಲ್ಲಿ ಮತ್ತೆ ಹಿಂಡಿಸಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಕೇಳಲು ಪರವಾಗಿಲ್ಲ. ಕೂತು ಕೇಳುವುದಾದರೆ ತಂತಿ ಹಾಕಿ, ಅಥವಾ ವೈಫೈ ಮೂಲಕ ನುಡಿಸುವ ವ್ಯವಸ್ಥೆ ಮಾಡಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ‘ಜೆಲ್ಲಿಫಿನ್’ ಅಥವಾ ‘ನ್ಯಾವಿಡ್ರೋಮ್’ ಹಾಕಿಟ್ಟರೆ, ಮನೆಯ ಯಾವ ಮೊಬೈಲ್‌ನಿಂದಲೂ ಅದರಲ್ಲಿರುವ ಹಾಡುಗಳನ್ನು ಕೇಳಬಹುದು.

24 ಬಿಟ್, 192 ಇನ್ನೂ ಮೇಲಲ್ಲವೇ?

‘ಹೈ-ರೆಸ್’ ಎಂದು ಮಾರುವ ಈ ಫೈಲ್‌ಗಳಲ್ಲಿ ಸೆಕೆಂಡಿಗೆ 1,92,000 ಅಳತೆಗಳಿರುತ್ತವೆ. ಹಿಂಡುವ ಮೊದಲು ಸಿಡಿಯ ಆರೂವರೆ ಪಟ್ಟು ಜಾಗ ಬೇಕು. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತದೆ. ಒಂದು ಕಂಪನಾಂಕವನ್ನು ಪೂರ್ತಿ ಹಿಡಿಯಲು ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಅಳತೆ ಸಾಕೆಂಬುದು ಗಣಿತದಲ್ಲಿ ಸಿದ್ಧವಾದ ಮಾತು. ಸಿಡಿಯ 44,100 ಅದಕ್ಕೆ ಸಾಕಾಗುತ್ತದೆ.

2007ರಲ್ಲಿ ಮೆಯರ್ ಮತ್ತು ಮೊರಾನ್ ಎಂಬಿಬ್ಬರು ಹೈ-ರೆಸ್ ಧ್ವನಿಯನ್ನು ನೇರವಾಗಿಯೂ ಸಿಡಿ ಮಟ್ಟಕ್ಕೆ ಇಳಿಸಿಯೂ ಕೇಳಿಸಿ ಪರೀಕ್ಷಿಸಿದರು. 554 ಸಲದಲ್ಲಿ ಸರಿಯಾಗಿ ಗುರುತಿಸಿದ್ದು ಶೇ 49.8ರಷ್ಟು, ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಜೋಶುವಾ ರೈಸ್ 2016ರಲ್ಲಿ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಶೇ 52.3 ಬಂತು. ತರಬೇತಿ ಪಡೆದ ಕಿವಿಗಳಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು ತಿಳಿಯುತ್ತದೆ ಎಂದೂ ಅವರು ಹೇಳುತ್ತಾರೆ. ವ್ಯತ್ಯಾಸ ಪೂರಾ ಸೊನ್ನೆಯಲ್ಲದಿರಬಹುದು, ಆದರೆ ಆರು ಪಟ್ಟು ಜಾಗಕ್ಕೆ ಬಾಳುವಂಥದ್ದೆಂದು ನನಗಂತೂ ಅನ್ನಿಸುವುದಿಲ್ಲ.

ನಿಮ್ಮ ಕಿವಿಯನ್ನೇ ಪರೀಕ್ಷಿಸಬೇಕೆ? ನಿಮ್ಮದೇ ಫ್ಲ್ಯಾಕ್‌ನಿಂದ ಒಂದು 320ರ ಎಂಪಿ3 ಮಾಡಿ. ಫೂಬಾರ್‌ನಲ್ಲಿ ‘ಎಬಿಎಕ್ಸ್’ ಎಂಬ ಜೋಡಣೆ ಹಾಕಿಕೊಂಡರೆ, ಯಾವುದು ಯಾವುದೆಂದು ಹೇಳದೆ ನುಡಿಸುತ್ತದೆ. 16ರಲ್ಲಿ 12 ಸಲ ಸರಿ ಹೇಳಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎರಡರ ಸದ್ದಿನ ಮಟ್ಟ ಒಂದೇ ಇರಬೇಕು, ಇದು ಮುಖ್ಯ. ತುಸು ಜೋರಾಗಿರುವುದು ಕಿವಿಗೆ ಯಾವಾಗಲೂ ‘ಹೆಚ್ಚು ಚೆನ್ನಾಗಿ’ ಕೇಳಿಸುತ್ತದೆ. ಅಂಗಡಿಯಲ್ಲಿ ದುಬಾರಿ ಮಾಲನ್ನು ಕೇಳಿಸುವಾಗ ವಾಲ್ಯೂಮ್ ಮೇಲೂ ಒಂದು ಕಣ್ಣಿಡಿ.

ಗುರುತಿಸಲು ಆಗದಿದ್ದರೆ ಫ್ಲ್ಯಾಕ್ ಯಾಕೆ ಬೇಕು ಎಂದು ಕೇಳಬಹುದು. ಕಾಪಿಡುವುದಕ್ಕೆ. ಫ್ಲ್ಯಾಕ್ ಒಂದಿದ್ದರೆ ಇಂದು ಮೊಬೈಲ್‌ಗೆ ಎಂಪಿ3, ನಾಳೆ ಇನ್ನಾವುದೋ ಹೊಸ ರೂಪ, ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು, ಮೂಲ ಸವೆಯುವುದಿಲ್ಲ. ಫ್ಲ್ಯಾಕ್‌ನೊಳಗೆ ಮೂಲ ಧ್ವನಿಯ ಒಂದು ಗಣಿತದ ಬೆರಳಚ್ಚೂ ಇರುತ್ತದೆ. ಹತ್ತು ವರ್ಷದ ನಂತರ ಫೈಲ್ ಸರಿಯಾಗಿದೆಯೇ ಎಂದು ಅದರಿಂದ ಪರೀಕ್ಷಿಸಬಹುದು; ಫೂಬಾರ್‌ನಲ್ಲಿ ಅದಕ್ಕೂ ಒಂದು ಜೋಡಣೆ ಇದೆ. ಕೆಟ್ಟಿದೆ ಎಂದು ಅದು ಹೇಳಬಲ್ಲದು, ಸರಿಮಾಡಲು ಎರಡನೇ ಪ್ರತಿಯೇ ಬೇಕು. ಆದ್ದರಿಂದ ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲೊಂದು, ಸಾಧ್ಯವಾದರೆ ಬೇರೆ ಊರಿನ ಅಣ್ಣನದೋ ಮಗಳದೋ ಮನೆಯಲ್ಲಿ ಇನ್ನೊಂದು ಇಡಿ. ಮೂಲ ಕ್ಯಾಸೆಟ್, ಸಿಡಿಗಳನ್ನು ಅದಾದ ಮೇಲೂ ಬಿಸಾಡಬೇಡಿ.

ಅಜ್ಜಿಯ ದನಿಯನ್ನು ಮನೆಯವರ ಗುಂಪಿಗೆ ಕಳಿಸುವಾಗ ವಾಯ್ಸ್ ಮೆಸೇಜ್ ಆಗಿ ಮತ್ತೆ ಮುದ್ರಿಸಿ ಕಳಿಸಬೇಡಿ, ಫೋಟೊ ಸೇರಿಸಿ ವೀಡಿಯೊ ಮಾಡಿಯೂ ಕಳಿಸಬೇಡಿ. ಎರಡರಲ್ಲೂ ವಾಟ್ಸಾಪ್ ಧ್ವನಿಯನ್ನು ಹಿಂಡುತ್ತದೆ. ಪಿನ್ನಿನ ಗುರುತು ಒತ್ತಿ, ‘ಡಾಕ್ಯುಮೆಂಟ್’ ಆಯ್ದು, ಫ್ಲ್ಯಾಕ್ ಫೈಲನ್ನೇ ಸೇರಿಸಿ. 2 ಜಿಬಿವರೆಗಿನ ಫೈಲ್ ಹೀಗೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ.