ಕಾಗುಣಿತದ ಲೆಕ್ಕವೂ ಸಂಶೋಧನೆಯ ಬೆಲೆಯೂ

ಎರಡು ವರ್ಷಗಳ ಹಿಂದೆ ಉಪ್ಪಲ್‌ನ ನಮ್ಮ ಮನೆಯಲ್ಲಿ ಒಂದು ಚಿಂತೆ ತಲೆದೋರಿತು. ಮೂರನೆಯ ತರಗತಿಯಲ್ಲಿದ್ದ ಮಗನು ಇಂಗ್ಲಿಷನ್ನು ಸರಾಗವಾಗಿ ಓದುತ್ತಿದ್ದನು. ಆದರೆ ಶಾಲೆಯ ತೆಲುಗಿನಲ್ಲಾಗಲಿ, ಭಾನುವಾರ ನಾನು ಹೇಳಿಕೊಡುತ್ತಿದ್ದ ಕನ್ನಡದಲ್ಲಾಗಲಿ ಒತ್ತಕ್ಷರ ಬಂದೊಡನೆ ನಿಂತುಬಿಡುತ್ತಿದ್ದನು. ಕಲಿಕೆಯ ದೋಷವಿರಬಹುದೆಂದು ಶಾಲೆಯಿಂದ ಚೀಟಿ ಬಂದಿತು. ಮನೆಯವಳಿಗೆ ಮೂರು ದಿನ ಊಟ ಸೇರಲಿಲ್ಲ. ಮೈಸೂರಿನಲ್ಲಿ ಮನೋವಿಜ್ಞಾನ ಓದುತ್ತಿದ್ದ ನನ್ನ ಅಕ್ಕನ ಮಗಳು ಒಂದು ಸಂಶೋಧನ ಪ್ರಬಂಧವನ್ನು ಕಳುಹಿಸಿ, "ಮಾವ, ಮೊದಲು ಇದನ್ನು ಓದಿ" ಎಂದಳು.

ಬರೆದವರು ಸೊನಾಲಿ ನಾಗ್. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನಲ್ಲಿ ದುಡಿದು, ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗವನ್ನು ಸೇರಿದ ಮನೋವಿಜ್ಞಾನಿ. 2007ರಲ್ಲಿ 'ಜರ್ನಲ್ ಆಫ್ ರಿಸರ್ಚ್ ಇನ್ ರೀಡಿಂಗ್' ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಬಂಧದ ವಿಷಯವು 5ರಿಂದ 10 ವರ್ಷದ ಮಕ್ಕಳು ಕನ್ನಡ ಓದಲು ಕಲಿಯುವ ವೇಗ.

ವಾಣಿಜ್ಯ ಪದವೀಧರನಾದ ನನಗೆ ಮನೋವಿಜ್ಞಾನ ತಿಳಿಯದು, ಗುಣಾಕಾರ ತಿಳಿದೀತು. ಇಂಗ್ಲಿಷಿಗೆ 26 ಅಕ್ಷರ. ನಮ್ಮ 34 ವ್ಯಂಜನಗಳಿಗೆ 13 ಸ್ವರಗಳ ಕಾಗುಣಿತ ಬರೆದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳು ಇದಕ್ಕೆ ಹೊರತು. ಇಷ್ಟು ದೊಡ್ಡ ಅಕ್ಷರಸಂಪತ್ತು ಒಂದೆರಡು ವರ್ಷಗಳಲ್ಲಿ ಕೈವಶವಾಗುವುದಿಲ್ಲ; ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಆ ಕಲಿಕೆ ಸಾಗಿಯೇ ಇರುತ್ತದೆ. ಇನ್ನೊಂದು ಮಾತು: 'ಕಿ' ಎಂಬುದು ಮಗುವಿಗೆ ಒಂದೇ ಧ್ವನಿ, ಅದನ್ನು 'ಕ್' ಮತ್ತು 'ಇ' ಎಂದು ಒಡೆಯುವ ಅರಿವು ನಿಧಾನವಾಗಿ, ಅಕ್ಷರಜ್ಞಾನದ ಜೊತೆಜೊತೆಗೇ ಬರುತ್ತದೆ. ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ ಅಳತೆಗೋಲನ್ನು ಹಿಡಿದರೆ ನಮ್ಮ ಆರೋಗ್ಯವಂತ ಮಗುವೂ ಹಿಂದುಳಿದಂತೆಯೇ ಕಂಡೀತು.

ಈ ದಾರಿಯನ್ನು ಅವರೊಬ್ಬರೇ ಕಡಿದುದಲ್ಲ. ಪ್ರತಿಭಾ ಕಾರಂತ, ಪಿ. ಪ್ರಕಾಶ್ ಮೊದಲಾದವರು 1990ರ ದಶಕದಲ್ಲಿಯೇ ಕನ್ನಡ ಓದುವಿಕೆಯ ಬಗೆಗೆ ಬರೆದಿದ್ದರು. ನಾಗ್ ಅವರು ಅಮೆರಿಕದ ರೆಬೆಕ್ಕಾ ಟ್ರೈಮನ್ ಮತ್ತು ಬ್ರಿಟನ್ನಿನ ಮಾರ್ಗರೆಟ್ ಸ್ನೋಲಿಂಗ್ ಅವರೊಡಗೂಡಿ 2010ರಲ್ಲಿ ಕನ್ನಡ ಕಾಗುಣಿತದ ಕಲಿಕೆಯನ್ನು ಕುರಿತು, 2011ರಲ್ಲಿ ಸ್ನೋಲಿಂಗ್ ಅವರೊಡನೆ ಓದಿನಲ್ಲಿ ಹಿಂದುಳಿದ ಕನ್ನಡ ಮಕ್ಕಳನ್ನು ಕುರಿತು ಬರೆದರು. ನಮ್ಮ ಊರಿನ ಮಕ್ಕಳ ಕಾಗುಣಿತವು ಓದುವಿಕೆಯ ಸಾರ್ವತ್ರಿಕ ಸಿದ್ಧಾಂತದ ಚರ್ಚೆಗೆ ಬಂದುದು ಹೀಗೆ.

ವಿದ್ವಾಂಸರ ಪ್ರಭಾವವನ್ನು ಅಳೆಯುವ ವಿಧಾನ ನಮ್ಮ ಬ್ಯಾಂಕಿನವರಿಗೆ ಸುಲಭವಾಗಿ ಅರ್ಥವಾಗುವಂಥದು. ಪ್ರಬಂಧಗಳ ಸಂಖ್ಯೆ ಎಂದರೆ ತೆರೆದ ಖಾತೆಗಳ ಸಂಖ್ಯೆ. ವ್ಯವಹಾರವಿಲ್ಲದೆ ಮಲಗಿರುವ ಖಾತೆಗಳು ಅಲ್ಲಿಯೂ ಉಂಟು. ಇತರರು ತಮ್ಮ ಬರಹದಲ್ಲಿ ಎಷ್ಟು ಬಾರಿ ಉಲ್ಲೇಖಿಸಿದರೆಂಬುದೇ ವಹಿವಾಟು. ಯೂಜೀನ್ ಗಾರ್‌ಫೀಲ್ಡ್ ಎಂಬುವರು 1964ರಲ್ಲಿ ಇಂಥ ಉಲ್ಲೇಖಗಳ ಸೂಚಿಯನ್ನು ಹೊರತಂದರು. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ 'ಎಚ್-ಸೂಚ್ಯಂಕ'ವನ್ನು ಸೂಚಿಸಿದರು: ಒಬ್ಬರ 20 ಪ್ರಬಂಧಗಳು ತಲಾ 20 ಬಾರಿಯಾದರೂ ಉಲ್ಲೇಖಗೊಂಡಿದ್ದರೆ, 21 ಪ್ರಬಂಧಗಳು ತಲಾ 21 ಬಾರಿ ಉಲ್ಲೇಖಗೊಳ್ಳುವವರೆಗೂ, ಅವರ ಸೂಚ್ಯಂಕ 20.

ಈ ಲೆಕ್ಕದಲ್ಲಿ ಒಂದು ಅನ್ಯಾಯವಿದೆ. ಇಂಗ್ಲಿಷ್ ಓದುವಿಕೆಯ ಸಂಶೋಧಕರು ಅನೇಕರು. ಆದ್ದರಿಂದ ಅಲ್ಲಿ ಉಲ್ಲೇಖಗಳೂ ಅನೇಕ. ಕನ್ನಡ ಅಕ್ಷರವನ್ನು ಅಧ್ಯಯನ ಮಾಡುವವರು ಬೆರಳೆಣಿಕೆಯಷ್ಟು. ಉಪ್ಪಲ್‌ನಲ್ಲಿ ಒಬ್ಬ ತಾಯಿ ಮತ್ತೆ ಊಟ ಮಾಡಿದಳೆಂಬುದು ಯಾವ ಸೂಚಿಯಲ್ಲಿಯೂ ನಮೂದಾಗುವುದಿಲ್ಲ.

ಆದರೆ ಇದನ್ನು ಓದಿ ಯಾರೂ ವೈದ್ಯರನ್ನು ಕಾಣುವುದನ್ನು ಬಿಡಬಾರದು. ಕನ್ನಡ ಓದುವಲ್ಲಿ ನಿಜವಾಗಿಯೂ ತೊಡಕಿರುವ ಮಕ್ಕಳಿದ್ದಾರೆ. 2011ರ ಅಧ್ಯಯನ ಅವರನ್ನು ಕುರಿತದ್ದೇ. ಮಗುವನ್ನು ಹೋಲಿಸಬೇಕಾದುದು ಅದೇ ಲಿಪಿಯನ್ನು ಅಷ್ಟೇ ವರ್ಷ ಕಲಿತ ಜೊತೆಗಾರರೊಡನೆ. ಹೀಗೆ ಹೋಲಿಸಿದರೂ ಹಿಂದುಳಿದಿದ್ದರೆ, ಅಕ್ಷರ ಕೂಡಿಸಲು ವಿಪರೀತ ತಿಣುಕುತ್ತಿದ್ದರೆ, ಮಗುವಿನ ಭಾಷೆ ಬಲ್ಲ ತಜ್ಞರಿಂದಲೇ ಪರೀಕ್ಷೆ ಮಾಡಿಸಬೇಕು. ಕಣ್ಣು, ಕಿವಿಗಳ ತಪಾಸಣೆಯನ್ನು ಅದಕ್ಕೂ ಮೊದಲು ಮಾಡಿಸುವುದು ಲೇಸು.

ನಾವೂ ಪರೀಕ್ಷೆ ಮಾಡಿಸಿದೆವು. ತೆಲುಗು ಬಲ್ಲ ತಜ್ಞೆಯೊಬ್ಬರು ನೋಡಿ, ದೋಷವಿಲ್ಲ, ಅಭ್ಯಾಸ ಸಾಲದು ಎಂದರು. ಮಗನು ಈಗ ಐದನೆಯ ತರಗತಿಯಲ್ಲಿದ್ದಾನೆ. ಕಳೆದ ತಿಂಗಳು ಊರಿನಿಂದ ಬಂದ ಲಗ್ನಪತ್ರಿಕೆಯನ್ನು ಆದ್ಯಂತ ಓದಿದನು. 'ಸೌಭಾಗ್ಯವತಿ'ಯನ್ನು ದಾಟಿ, 'ಜ್ಯೇಷ್ಠ'ದಲ್ಲಿ ಮಾತ್ರ ಒಂದು ಕ್ಷಣ ನಿಂತನು.