ಸ್ವಿಟ್ಜರ್‌ಲೆಂಡಿನ ಒಂದು ಗ್ರಾಮವೂ ನಮ್ಮ ಗೋಮಾಳವೂ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯಲ್ಲಿ ಸಂಚಾರಮಾಡುತ್ತಿದ್ದಾಗ, ಒಂದು ಗ್ರಾಮದ ಕೆರೆಯ ಏರಿಯ ಮೇಲೆ ಕುಳಿತಿದ್ದ ವೃದ್ಧರೈತರೊಬ್ಬರು ಈ ಲೇಖಕನನ್ನು ಹೀಗೆ ಕೇಳಿದರು: "ಸ್ವಾಮಿ, ಗೋಮಾಳ ಊರೆಲ್ಲರದು ಅನ್ನುತ್ತೀರಿ. ಊರೆಲ್ಲರದಾದ ಮೇಲೆ ಅದನ್ನು ಕಾಯುವವರು ಯಾರು?" ಆ ದಿವಸ ತಕ್ಕ ಉತ್ತರವನ್ನು ಕೊಡಲಾಗಲಿಲ್ಲ. ಇದೇ ಪ್ರಶ್ನೆಗೆ ಐನೂರು ವರ್ಷಗಳ ಹಿಂದೆಯೇ ಉತ್ತರವನ್ನು ಬರೆದಿಟ್ಟುಕೊಂಡ ಸಣ್ಣ ಗ್ರಾಮವೊಂದು ಸ್ವಿಟ್ಜರ್‌ಲೆಂಡ್ ದೇಶದಲ್ಲಿ ಉಂಟು. ಅದರ ವೃತ್ತಾಂತವನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಅರಿಕೆಮಾಡುವುದು ಉಚಿತವೆಂದು ತೋರಿ ಇದನ್ನು ಬರೆದಿದೆ.

ಆ ಗ್ರಾಮದ ಹೆಸರು ಟೋರ್ಬೆಲ್. ವಾಲಿಸ್ ಪ್ರಾಂತದಲ್ಲಿ, ವಿಸ್ಪ್ ಪಟ್ಟಣದ ಮೇಲ್ಗಡೆಯ ಕಣಿವೆಯಲ್ಲಿ, ಸಮುದ್ರಮಟ್ಟಕ್ಕೆ ಸುಮಾರು ೪,೯೦೦ ಅಡಿ ಎತ್ತರದ ಬೆಟ್ಟದ ಓರೆಯಲ್ಲಿ ಅದು ನೆಲೆಗೊಂಡಿದೆ. ಸ್ವಿಟ್ಜರ್‌ಲೆಂಡ್ ಎಂದೊಡನೆ ನೀರಿಗೂ ಹಸುರಿಗೂ ಬಡತನವಿಲ್ಲದ ನಾಡೆಂದು ನಾವು ಭಾವಿಸುವುದು ಸಹಜ. ಆದರೆ ಎತ್ತರವಾದ ಪರ್ವತಗಳು ಮಳೆಯ ಮೋಡಗಳನ್ನು ಸುತ್ತಲೂ ತಡೆಯುವುದರಿಂದ, ಆ ದೇಶದಲ್ಲೆಲ್ಲ ಅತಿ ಕಡಿಮೆ ಮಳೆ ಬೀಳುವ ಕಣಿವೆಗಳಲ್ಲಿ ಇದೂ ಒಂದು. ಪಶ್ಚಿಮಘಟ್ಟದ ಮಳೆಮರೆಯಲ್ಲಿರುವ ಹೊಸದುರ್ಗದ ಸೀಮೆಗೂ ಇದೇ ಗತಿಯಷ್ಟೆ.

ಅಲ್ಲಿನ ಹೊಲ, ತೋಟ, ದ್ರಾಕ್ಷಿಯ ತಾಕು, ಒಣಹುಲ್ಲನ್ನು ಕೊಯ್ದುಕೊಳ್ಳುವ ಹುಲ್ಲುಗದ್ದೆ, ಇವೆಲ್ಲವೂ ಆಯಾ ಕುಟುಂಬದ ಸ್ವಂತ ಆಸ್ತಿ. ಬೆಟ್ಟದ ತುದಿಯ ಮೇವಿನ ಕಾವಲು, ಕಾಡು, ಬೀಳುನೆಲ, ದಾರಿಗಳು ಮಾತ್ರ ಗ್ರಾಮದ ಸಮುದಾಯಕ್ಕೆ ಸೇರಿದವು. ಈ ಸಮುದಾಯದ ಸ್ವತ್ತನ್ನು ನಡೆಸುವುದಕ್ಕೆ ಗ್ರಾಮಸ್ಥರು ೧೪೮೩ನೆಯ ಇಸವಿಯಲ್ಲಿ ಒಂದು ಕರಾರುಪತ್ರವನ್ನು ಮಾಡಿಕೊಂಡರು. ಹೊರಗಿನವನೊಬ್ಬನು ಗ್ರಾಮದಲ್ಲಿ ಜಮೀನನ್ನು ಕೊಂಡರೂ ಕಾವಲಿನಲ್ಲಾಗಲಿ ಕಾಡಿನಲ್ಲಾಗಲಿ ಅವನಿಗೆ ಹಕ್ಕು ಬರತಕ್ಕದ್ದಲ್ಲವೆಂದು ಅದರಲ್ಲಿಯೇ ನಿಷ್ಕರ್ಷೆಯಾಯಿತು.

೧೫೧೭ರಲ್ಲಿ ಬರೆದ ಕಟ್ಟಳೆಯು ಇದಕ್ಕಿಂತಲೂ ಮುಖ್ಯವಾದುದು. ಚಳಿಗಾಲದಲ್ಲಿ ಹಿಮ ಬಿದ್ದು ದನಗಳು ಕೊಟ್ಟಿಗೆಯಿಂದ ಹೊರಡಲಾರವು. ಕೂಡಿಟ್ಟ ಹುಲ್ಲೇ ಗತಿ. ಆದಕಾರಣ, ಒಬ್ಬನು ತನ್ನ ಸ್ವಂತ ಹುಲ್ಲಿನಿಂದ ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಸಮುದಾಯದ ಕಾವಲಿಗೆ ಬಿಡಬಹುದು. ಒಂದು ಹೆಚ್ಚಾದರೂ ದಂಡ. ದಂಡವನ್ನು ವಸೂಲುಮಾಡುವ ಗ್ರಾಮಾಧಿಕಾರಿಗೆ ಅದರಲ್ಲಿ ಅರ್ಧಪಾಲು ಸಲ್ಲುತ್ತಿತ್ತು. ಈ ಕೊನೆಯ ಅಂಶವನ್ನು ಓದಿ ಕೆಲವರು ನಗಬಹುದು. ಆದರೆ ಕಾವಲುಗಾರನಿಗೆ ನಿದ್ರೆ ಬಾರದಂತೆ ಮಾಡುವ ಉಪಾಯ ಇದಕ್ಕಿಂತ ಸುಲಭವಾದುದು ಬೇರೊಂದಿಲ್ಲ.

ದನವುಳ್ಳವರೆಲ್ಲರೂ ವರ್ಷಕ್ಕೊಮ್ಮೆ ಸಭೆಸೇರಿ ಅಧಿಕಾರಿಗಳನ್ನು ಆರಿಸುತ್ತಿದ್ದರು. ಕಾವಲಿನಲ್ಲಿ ಗೊಬ್ಬರವನ್ನು ಹರಡುವುದು, ದಾರಿಯನ್ನು ಸರಿಪಡಿಸುವುದು, ಹಿಮ ಜರಿದು ಮುರಿದ ದೊಡ್ಡಿಗಳನ್ನು ಪುನಃ ಕಟ್ಟುವುದು ಎಲ್ಲರ ಮೈಗೆಲಸ. ಕಾವಲಿನ ಹಾಲಿನಿಂದಾದ ಗಿಣ್ಣನ್ನು ಹಸುಗಳ ಲೆಕ್ಕದ ಪ್ರಕಾರ ಹಂಚಿಕೊಳ್ಳುತ್ತಿದ್ದರು. ಕಡಿಯಬೇಕಾದ ಮರಗಳಿಗೆ ಗುರುತುಹಾಕಿ, ಯಾವ ಮರ ಯಾರಿಗೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ಇಲ್ಲಿ ದೊಡ್ಡ ಕುಳವೆಂದು ದಾಕ್ಷಿಣ್ಯವಿರಲಿಲ್ಲ. ಕಾಲುವೆಯ ನೀರಿಗೂ ಸರದಿಯುಂಟು. ಅಮೆರಿಕದ ವಿದ್ವಾಂಸರಾದ ರಾಬರ್ಟ್ ನೆಟ್ಟಿಂಗರು ವಿಚಾರಿಸಿದಾಗ, ಇಡೀ ಸರದಿಪಟ್ಟಿಯನ್ನು ಬಲ್ಲವರು ಯಾರೂ ಸಿಕ್ಕಲಿಲ್ಲ. ಪ್ರತಿಯೊಬ್ಬನಿಗೂ ತನ್ನ ಹೊತ್ತು ಮಾತ್ರ ಗೊತ್ತು. ನೆಟ್ಟಿಂಗರು ಈ ಗ್ರಾಮವನ್ನು ಕುರಿತು ೧೯೮೧ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಎಲಿನೊರ್ ಆಸ್ಟ್ರಮ್ ಎಂಬ ವಿದುಷಿಯು ೧೯೯೦ರ ತಮ್ಮ ಗ್ರಂಥದಲ್ಲಿ ಇದನ್ನೇ ನಿದರ್ಶನವಾಗಿ ಎತ್ತಿಕೊಂಡರು. ಅವರಿಗೆ ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು.

ಟೋರ್ಬೆಲ್ಲಿನಲ್ಲಿಯೂ ಕಾಲ ಬದಲಾಗಿದೆ. ತರುಣರು ಕೆಳಗಿನ ಪಟ್ಟಣದ ಕಾರ್ಖಾನೆಗಳನ್ನು ಸೇರಿದರು, ಧಾನ್ಯದ ಹೊಲಗಳು ಬೀಳುಬಿದ್ದವು. ಆದರೆ ಶತಮಾನಗಳವರೆಗೆ ಕಾವಲು ಹಾಳಾಗದೆ ಉಳಿದುದು ಆ ಕಟ್ಟಳೆಯಿಂದಲೇ.

ನಮ್ಮಲ್ಲಿಯೂ ಕಟ್ಟಳೆಗಳಿಗೆ ಕೊರತೆಯಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೧೧ರಷ್ಟು ಹಿಂದೆಯೇ ಕೆರೆ ಪಂಚಾಯತಿಗಳ ವಿಷಯದಲ್ಲಿ ರೆಗ್ಯುಲೇಷನ್ ಆಗಿತ್ತು. ತೂಬಿನ ನೀರನ್ನು ಹಂಚುವ ನೀರುಗಂಟಿಯು ಅದಕ್ಕೂ ಪೂರ್ವದವನು. ಗೋಮಾಳಕ್ಕಾದರೆ, ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ನೂರು ರಾಸುಗಳಿಗೆ ೧೨ ಹೆಕ್ಟೇರ್, ಎಂದರೆ ಸುಮಾರು ೩೦ ಎಕರೆಯಂತೆ ನೆಲವನ್ನು ಕಾದಿಡಬೇಕೆಂದು ಹೇಳಿದೆ. ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ನಿಯಮವು ದನಗಳನ್ನೆಣಿಸಿ ನೆಲವನ್ನು ಗೊತ್ತುಮಾಡುತ್ತದೆ. ಟೋರ್ಬೆಲ್ಲಿನವರು ಹುಲ್ಲನ್ನೆಣಿಸಿ ದನಗಳನ್ನು ಗೊತ್ತುಮಾಡಿದರು. ದನ ಹೆಚ್ಚಿದಂತೆಲ್ಲ ನೆಲ ಹೆಚ್ಚುವುದಿಲ್ಲವಾದ್ದರಿಂದ ಎರಡನೆಯದೇ ನಡೆಯತಕ್ಕ ಮಾತೆಂದು ಲೇಖಕನ ಅಭಿಪ್ರಾಯ.

ಅವರಿಗೆ ಚಳಿಗಾಲವು ಹೇಗೋ ನಮಗೆ ಬೇಸಿಗೆಯು ಹಾಗೆ. ಒಂದು ನಾಟಿ ರಾಸಿಗೆ ದಿನಕ್ಕೆ ೫–೬ ಕಿಲೋ ಒಣಮೇವು ಬೇಕಾದರೆ ಆರು ತಿಂಗಳಿಗೆ ಸುಮಾರು ಒಂದು ಟನ್ನು ಬೇಕು. ಎಷ್ಟು ಟನ್ನಿನ ಬಣವೆಯೋ ಅಷ್ಟು ರಾಸುಗಳಿಗೆ ಮುಂಗಾರಿನಲ್ಲಿ ಗೋಮಾಳದ ಹಕ್ಕು, ಎಂದು ಗ್ರಾಮದವರು ತಾವೇ ಒಪ್ಪಿಕೊಂಡರೆ ಎಣಿಕೆ ಬಹಳ ಸುಲಭ.

ಆದರೆ ಈ ಏರ್ಪಾಡಿನಲ್ಲಿ ಒಂದು ಅನ್ಯಾಯವೂ ಅಡಗಿದೆ. ಅದನ್ನು ಜಮೀನುದಾರರೇ ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಬಣವೆಯೆಂಬುದು ಹೊಲವುಳ್ಳವನಿಗೆ ಮಾತ್ರ. ನಾಲ್ಕು ಆಡು, ಹತ್ತು ಕುರಿಗಳ ಮೇಲೆ ಜೀವನಮಾಡುವ ಭೂಮಿಯಿಲ್ಲದ ಕುಟುಂಬಕ್ಕೆ ಬಣವೆ ಎಲ್ಲಿಂದ ಬರಬೇಕು? ಟೋರ್ಬೆಲ್ಲಿನ ಕಟ್ಟಳೆಯನ್ನು ಇದ್ದಂತೆಯೇ ತಂದರೆ ಗೋಮಾಳವೂ ಉಳ್ಳವರ ಪಾಲಾಗುವುದು. ಆದಕಾರಣ ಮನೆಯೊಂದಕ್ಕೆ ಇಷ್ಟು ಕುರಿ ಅಥವಾ ಆಡೆಂದು ಬಣವೆಯ ಲೆಕ್ಕಕ್ಕೆ ಸೇರಿಸದೆ ಮೊದಲೇ ತೆಗೆದಿಟ್ಟು, ಉಳಿದುದನ್ನು ಮಾತ್ರ ಬಣವೆಯ ಪ್ರಕಾರ ಹಂಚತಕ್ಕದ್ದು. ಗೋಮಾಳವನ್ನು ಒತ್ತಿ ಉತ್ತುಕೊಂಡವರು ಇರುವ ಕಡೆ ಅವರನ್ನು ಬಿಟ್ಟು ಕುರಿಗಾಹಿಯ ಮೇಲೆ ದಂಡ ಹಾಕಲು ಹೊರಟರೆ ಯಾವ ಕಟ್ಟಳೆಯೂ ಒಂದು ವರ್ಷ ಬಾಳಲಾರದು.

ರಾಗಿಯ ಒಕ್ಕಣೆ ಮುಗಿದು ಬಣವೆಗಳು ಪೂರ್ತಿಯಾಗಿ ನಿಂತಿರುವ ಮಾಘಮಾಸವೇ ಎಣಿಕೆಗೆ ಅನುಕೂಲವಾದ ಕಾಲ. ಬಣವೆಯ ಉದ್ದ, ಅಗಲ, ಎತ್ತರಗಳನ್ನು ಅಳೆದು ಹುಲ್ಲಿನ ತೂಕವನ್ನು ಅಂದಾಜುಮಾಡುವ ಕ್ರಮವನ್ನು ಅಪೇಕ್ಷಿಸುವ ಗ್ರಾಮಗಳಿಗೆ ಬಂದು ತೋರಿಸಿಕೊಡಲು ಲೇಖಕನು ಸಿದ್ಧನಿದ್ದಾನೆ. ಏರಿಯ ಮೇಲಿನ ಆ ಹಿರಿಯರ ಗ್ರಾಮಕ್ಕೆ ಮೊದಲು ಹೋಗಬೇಕೆಂದಿದೆ.